ಅಪ್ಪ ನಂಬದ ಅರ್ಧ ಕಥೆ

ಆಗೆಲ್ಲ ಮಲ್ಕಾಜ್‌ಗಿರಿ ಅಂದರೆ ಹೈದರಾಬಾದಿಗೆ ಸೇರಿಯೂ ಸೇರದ ಊರು. ರೈಲ್ವೆ ಕ್ವಾರ್ಟರ್ಸಿನ ಸಾಲು ಮುಗಿದರೆ ಸೀತಾಫಲದ ಪೊದೆ, ಅದರ ಆಚೆ ಕರಿ ಬಂಡೆ, ಬಂಡೆಯ ಮೇಲೆ ಯಾರದೋ ಆಡು. ಬೆಳಿಗ್ಗೆ ಮೊದಲು ಮೂಗಿಗೆ ಬರುತ್ತಿದ್ದದ್ದು ಇಂಜಿನ್ನಿನ ಕಲ್ಲಿದ್ದಲ ಹೊಗೆ, ಆಮೇಲೆ ಅವ್ವ ತಟ್ಟುವ ಜೋಳದ ರೊಟ್ಟಿ. ನಾವು ಹುಡುಗಿಯರು ಇದ್ದಲ ಚೂರಿನಿಂದಲೇ ನೆಲದ ಮೇಲೆ ಮನೆ ಬರೆದು ಕುಂಟಾಬಿಲ್ಲೆ ಆಡುತ್ತಿದ್ದೆವು. ಬಿಲ್ಲೆಯೂ ಇದ್ದಲೇ. ಸಂಜೆಗೆ ನಮ್ಮ ಅಂಗಾಲು, ಲಂಗ, ಮೂಗಿನ ತುದಿ ಎಲ್ಲ ಕಪ್ಪು.

ಇದನ್ನೆಲ್ಲ ಈಗ ಕೂತು ಬರೆಯಲು ಕಾರಣ ನನ್ನ ಸಂತೋಷ, ಬೇರೆ ಏನೂ ಇಲ್ಲ. ಹೋದ ತಿಂಗಳು ನನ್ನ ಮಗಳಿಗೆ ಅವಳಿ ಗಂಡುಮಕ್ಕಳು ಹುಟ್ಟಿದವು. ಇಬ್ಬರು! ಒಂದು ಕೇಳಿದರೆ ಎರಡು ಕೊಟ್ಟ ದೇವರು. ಮಗಳು ಮಾಧಾಪುರದ ಗಾಜಿನ ಕಟ್ಟಡವೊಂದರಲ್ಲಿ ಕೆಲಸ ಮಾಡುತ್ತಾಳೆ, ಅವಳ ಜೊತೆಯವರು ಗುಂಪುಗುಂಪಾಗಿ ನೋಡಲು ಬರುತ್ತಾರೆ, ಬಂದವರೆಲ್ಲ ಕೇಳುವುದು ಒಂದೇ ಮಾತು, ಇಬ್ಬರಲ್ಲಿ ದೊಡ್ಡವನು ಯಾರು ಅಂತ. ನನಗೆ ನಗು ತಡೆಯುವುದಿಲ್ಲ. ಒಂದೇ ಬೆಳಗ್ಗೆ ಹುಟ್ಟಿದ ಕೂಸುಗಳಲ್ಲಿ ಆಗಲೇ ಹಿರಿಯ ಕಿರಿಯ ಹುಡುಕುತ್ತಾರೆ. ಹಾಗೆ ಕೇಳಿದಾಗಲೆಲ್ಲ ನನಗೆ ನಮ್ಮ ಅಪ್ಪ ಮತ್ತು ಪ್ರಭು ಕಾಕಾ ನೆನಪಾಗುತ್ತಾರೆ. ಬೈಬಲ್ಲಿನ ಸುವಾರ್ತೆಯ ಆ ಎರಡು ಮಕ್ಕಳ ಕಥೆ ನೆನಪಾಗುತ್ತದೆ. ಕೇಳಿದವರೆಲ್ಲರಿಗೂ ಗೊತ್ತಿರುವ ಕಥೆ ಅದು. ಆದರೆ ನಾನು ಸಣ್ಣವಳಿದ್ದಾಗ ಒಂದು ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಅದರ ಮೇಲೆ ನಡೆದ ವಿಚಾರಣೆ ಯಾರ ಮನೆಯಲ್ಲೂ ನಡೆದಿರಲಿಕ್ಕಿಲ್ಲ.

ನಾನು ಕಲಿತದ್ದು ಉರ್ದು ಶಾಲೆಯ ಮೂರನೇ ಇಯತ್ತೆವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಬೀದರಿನ ಕಡೆಯಿಂದ ಹಳಿ ಹಾಕುವ ಕೆಲಸಕ್ಕೆ ಬಂದು ಇಲ್ಲೇ ಉಳಿದವನು. ಅವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ನಮ್ಮ ಅಪ್ಪ, ಸಮಸೋನ. ಕಿರಿಯವನು ಪ್ರಭು ಕಾಕಾ. ಮನೆಯಲ್ಲಿ ಒಬ್ಬನನ್ನು ಓದಿಸುವಷ್ಟು ಶಕ್ತಿ ಇತ್ತು. ಅಪ್ಪ ಮೀಸೆ ಮೂಡುವ ಮೊದಲೇ ಗುದ್ದಲಿ ಹೆಗಲಿಗೆ ಹಾಕಿಕೊಂಡು ಮುತ್ಯಾನ ಹಿಂದೆ ಹಳಿಗೆ ಇಳಿದ, ಕಾಕಾ ಬೀದರಿನ ಬೋರ್ಡಿಂಗ್ ಶಾಲೆಗೆ ಹೋದ. ಹೀಗಾಗಿ ನಮ್ಮ ಇಡೀ ಮನೆಯಲ್ಲಿ ಕನ್ನಡ ಅಕ್ಷರ ಬರುತ್ತಿದ್ದದ್ದು ಕಾಕಾ ಒಬ್ಬನಿಗೇ. ಮುತ್ಯಾನ ಮದುವೆಯಲ್ಲಿ ಕೊಟ್ಟ ದೊಡ್ಡ ಕನ್ನಡ ಬೈಬಲ್ ಒಂದಿತ್ತು. ಅದನ್ನು ಅವ್ವ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಹುಳ ಹಿಡಿಯದಿರಲೆಂದು ಒಳಗೆ ಬೇವಿನ ಎಲೆ ಇಟ್ಟು, ಗೋಡೆಯ ಮಾಡದಲ್ಲಿ ಇಟ್ಟಿದ್ದಳು. ಹಬ್ಬಕ್ಕೊಮ್ಮೆ ಧೂಳು ಒರೆಸುವುದು, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು, ಮತ್ತೆ ಇಡುವುದು. ಓದುವವರು ಯಾರು?

ಕಾಕಾ ಓದಿ ಬಂದ ಮೇಲೆ ಅಪ್ಪ ಯಾರ್‍ಯಾರ ಕಾಲೋ ಹಿಡಿದು ಅವನಿಗೆ ರೈಲ್ವೆಯಲ್ಲಿ ನೌಕರಿ ಕೊಡಿಸಿದ. ಕಾಕಾ ಅದನ್ನು ಬಿಟ್ಟು ಒಂದು ನಾಟಕದ ಕಂಪನಿಯ ಹಿಂದೆ ಹಾರ್ಮೋನಿಯಂ ಬಾರಿಸುತ್ತ ಹೋದ. ಎಲ್ಲಿಗೆ ಹೋದನೆಂದು ಯಾರಿಗೂ ತಿಳಿಯಲಿಲ್ಲ. ಆ ಹೊತ್ತಿನಲ್ಲೇ ನಮ್ಮ ಆಯಿ, ಮುತ್ಯಾನ ಹೆಂಡತಿ, ಕಾಕಾನ ಹೆಸರು ಹಿಡಿದು ಕರೆಯುತ್ತ ಸತ್ತಳು. ಅಪ್ಪ ಊರೂರಿಗೆ ಹೇಳಿ ಕಳಿಸಿದ. ಕಾಕಾ ಬಂದದ್ದು ಆಯಿಯ ಗೋರಿಯ ಮೇಲೆ ಹುಲ್ಲು ಬೆಳೆದ ಮೇಲೆ. ಅಪ್ಪ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳಿದ್ದು ಒಂದೇ ಮಾತು, "ಮಣ್ಣಿಗೆ ಬರಲಾರದಾವ ಮನಿಗೂ ಬರಬ್ಯಾಡ."

ಅಂದಿನಿಂದ ಕಾಕಾ ನಾಂಪಲ್ಲಿಯಲ್ಲಿ ಇರುತ್ತಿದ್ದ. ಜನವರಿಯ ನುಮಾಯಿಷಿಗೆ, ಅಂದರೆ ವಸ್ತುಪ್ರದರ್ಶನಕ್ಕೆ, ಅಂಗಡಿ ಕಟ್ಟುವ ಕೆಲಸ, ಉಳಿದಂತೆ ಸಿಕ್ಕಿದ ಕೆಲಸ. ಭಾನುವಾರ ಮಾತ್ರ ನಮ್ಮ ಚರ್ಚಿಗೆ ಬಂದು ಕಡೆಯ ಬೆಂಚಿನಲ್ಲಿ ಕೂರುತ್ತಿದ್ದ. ಅಪ್ಪ ಮುಂದಿನ ಬೆಂಚು. ಮುತ್ಯಾ ಬೇಕೆಂದೇ ಕಡೆಯ ಬೆಂಚಿನಲ್ಲಿ ಕಾಕಾನ ಪಕ್ಕ ಕೂರುತ್ತಿದ್ದ. ಅವನ ಕಣ್ಣಿಗೆ ಪೊರೆ ಬಂದಿತ್ತು, ಮಗನ ಮುಖ ಮಸುಕು, ಆದ್ದರಿಂದ ಹಾಡು ಮುಗಿಯುವವರೆಗೂ ಅವನ ಕೈ ಹಿಡಿದಿರುತ್ತಿದ್ದ. ಅಪ್ಪ ಅದಕ್ಕೆ ಏನೂ ಅನ್ನುತ್ತಿರಲಿಲ್ಲ. ಚರ್ಚು ಅವನ ಮನೆಯಲ್ಲವಲ್ಲ.

ಆ ವರ್ಷ ದಸರೆ ಕಳೆದ ಮೇಲೆ ಮುತ್ಯಾನ ಮೊಣಕಾಲು ಬಿದ್ದುಹೋದವು. ಚರ್ಚಿಗೆ ನಡೆಯುವುದಿರಲಿ, ಹೊರಸಿನಿಂದ ಬಾಗಿಲಿಗೆ ಬರುವುದೂ ಆಗದು. ಕಾಕಾ ಮನೆಗೆ ಬರುವಂತಿಲ್ಲ, ಮುತ್ಯಾ ಚರ್ಚಿಗೆ ಹೋಗುವಂತಿಲ್ಲ. ಅವ್ವ ಒಮ್ಮೆ ಧೈರ್ಯ ಮಾಡಿ ಕೇಳಿದಳು, ಮುದುಕನ ಜೀವ ಎಷ್ಟು ದಿನವೋ, ಪ್ರಭುನನ್ನು ಕರೆಯೋಣವೇ ಎಂದು. ಅಪ್ಪ ತಟ್ಟೆ ಬಿಟ್ಟು ಎದ್ದು ಕೈ ತೊಳೆದ. ಅಲ್ಲಿಗೆ ಮುಗಿಯಿತು. ಭಾನುವಾರ ನಾವು ಚರ್ಚಿನಿಂದ ಬಂದಾಗ ಮುತ್ಯಾ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳುವನು, "ಬಂದಿದ್ನೇನ ಮಗಾ? ಸಣ್ಣ ಆಗ್ಯಾನೇನ?"

ಅದೇ ಹೊತ್ತಿಗೆ ನಮ್ಮ ಚರ್ಚಿಗೆ ಹೊಸ ಅಯ್ಯನವರು ಬಂದರು.

ಚರ್ಚು ಅಂದರೆ ಲೋಕೋ ಶೆಡ್ಡಿನ ಹಿಂದಿನ ತಗಡಿನ ಚಪ್ಪರ. ಬೆಳಿಗ್ಗೆ ತೆಲುಗಿನವರ ಆರಾಧನೆ, ಮಧ್ಯಾಹ್ನ ಬಿಸಿಲಿಗೆ ತಗಡು ಕಾದ ಮೇಲೆ ಕನ್ನಡದವರದು. ಹಳೇ ಅಯ್ಯನವರು ಪ್ರಸಂಗ ಹೇಳಿ ಉಪದೇಶ ಮಾಡುವಾಗ ಕೋಲಿಗೆ ದೊಡ್ಡ ಬಣ್ಣದ ಚಿತ್ರ ಕಟ್ಟಿ ಎತ್ತಿ ಹಿಡಿಯುತ್ತಿದ್ದರು. ಕುರಿ ಹೊತ್ತ ಯೇಸು, ಮರ ಹತ್ತಿದ ಗಿಡ್ಡ ಸುಂಕದವನು, ಕಸ ಗುಡಿಸಿ ನಾಣ್ಯ ಹುಡುಕುವ ಹೆಂಗಸು. ಎರಡು ಮಕ್ಕಳ ಕಥೆಗೆ ಇದ್ದದ್ದು ಒಂದೇ ಚಿತ್ರ. ಬಿಳಿ ಗಡ್ಡದ ತಂದೆ, ಚಿಂದಿ ಬಟ್ಟೆಯ ಮಗನನ್ನು ತಬ್ಬಿದ್ದಾನೆ. ಮಗ ಆಸ್ತಿ ಕೇಳಿ ಹೋದ, ಹಾಳು ಮಾಡಿದ, ಹಂದಿ ಕಾಯ್ದ, ತಿರುಗಿ ಬಂದ, ತಂದೆ ತಬ್ಬಿದ. ಚಿತ್ರ ಅಲ್ಲಿಗೆ ಮುಗಿಯುತ್ತಿತ್ತು, ಆದ್ದರಿಂದ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು. ದೇವರು ಹಾಗೆ ನಮ್ಮನ್ನು ತಬ್ಬುತ್ತಾನೆ ಎಂದು ಹೇಳಿ, ಆಮೆನ್ ಅಂದು, ಮಕ್ಕಳಿಗೆಲ್ಲ ಪುಟಾಣಿ ಬೆಲ್ಲ ಹಂಚುತ್ತಿದ್ದರು. ನಾವು ಕಾಯುತ್ತಿದ್ದದ್ದು ಅದಕ್ಕೆ.

ಹೊಸ ಅಯ್ಯನವರಿಗೆ ಚಿತ್ರವೂ ಇಲ್ಲ, ಬೆಲ್ಲವೂ ಇಲ್ಲ. ತೆಳ್ಳನೆಯ ಮನುಷ್ಯ, ಸೈಕಲ್ಲು, ಬಿಸಿಲಿರಲಿ ಬಿಡಲಿ ಹ್ಯಾಂಡಲ್ಲಿಗೆ ಒಂದು ಕೊಡೆ. ನನಗೆ ಅವರ ಮೇಲೆ ಮೊದಲ ದಿನದಿಂದಲೇ ಅನುಮಾನ. ಮಾತಾಡುವುದಕ್ಕಿಂತ ಹೆಚ್ಚು ಕೇಳಿಸಿಕೊಳ್ಳುತ್ತಿದ್ದರು. ದೊಡ್ಡವರು ಸುಮ್ಮನೆ ಕೇಳಿಸಿಕೊಂಡರೆ ಅದರ ಹಿಂದೆ ಏನೋ ಇರುತ್ತದೆ ಎಂದು ನಾನು ಶಾಲೆಯಲ್ಲಿ ಕಲಿತಿದ್ದೆ.

ಅಯ್ಯನವರಿಗೆ ಮನೆಮನೆಯಲ್ಲೂ ಸರತಿಯ ಊಟ ನಮ್ಮಲ್ಲಿ ಪದ್ಧತಿ. ಒಂದು ಗುರುವಾರ ನಮ್ಮ ಸರತಿ. ಅವ್ವ ಪುಂಡಿಪಲ್ಯ ಮಾಡಿದ್ದಳು, ಕಡಲೆಬೇಳೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು. ಅಪ್ಪ ಡ್ಯೂಟಿಯಲ್ಲಿದ್ದ. ನಾನು ನೀರಿನ ತಂಬಿಗೆ ಹಿಡಿದು ಗೋಡೆಗೆ ಒರಗಿ ನಿಂತು ಅವರನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದೆ. ಅವರು ಪಲ್ಯ ಹೊಗಳಿದರು, ಇನ್ನೊಂದು ರೊಟ್ಟಿ ಬೇಡವೆಂದು ಹೇಳಿ ಹಾಕಿಸಿಕೊಂಡರು. ಮುತ್ಯಾನನ್ನು ಕೇಳಿದರು, ನಿಮಗೆ ಮಕ್ಕಳೆಷ್ಟು ಅಂತ. ಮುತ್ಯಾ "ಎರಡು" ಅಂದ. ಅಷ್ಟೇ. ಪ್ರಾರ್ಥನೆ ಮಾಡಿ ಕೊಡೆ ತೆಗೆದುಕೊಂಡು ಹೋದರು.

ಆ ಭಾನುವಾರ ಅವರು ಎತ್ತಿಕೊಂಡದ್ದು ಎರಡು ಮಕ್ಕಳ ಕಥೆ.

ಚಿಂದಿ ಬಟ್ಟೆಯ ಮಗ ಬಂದ, ತಂದೆ ಓಡಿಹೋಗಿ ತಬ್ಬಿದ. ನಾವು ಮಕ್ಕಳು ಆಮೆನ್ ಬಂತೆಂದು ಚಾಪೆಯಿಂದ ಅರ್ಧ ಎದ್ದೆವು. ಅಯ್ಯನವರು ನಿಲ್ಲಿಸಲಿಲ್ಲ. ಈಗ ಹಿರಿಯ ಮಗನನ್ನು ನೋಡೋಣ ಅಂದರು. ನಾವು ಕೂತೆವು. ಹಿರಿಯ ಮಗ ಇದ್ದಾನೆಂದೇ ನಮಗೆ ಗೊತ್ತಿರಲಿಲ್ಲ. ಅವನು ದಿನವೆಲ್ಲ ದುಡಿದು ಹೊಲದಿಂದ ಬರುತ್ತಿದ್ದಾನಂತೆ. ಮನೆಯೊಳಗೆ ಹಾಡು, ಕುಣಿತ. ಏನೆಂದು ಕೇಳಿದರೆ, ನಿನ್ನ ತಮ್ಮ ಬಂದಿದ್ದಾನೆ ಅಂದರಂತೆ. ಅವನು ಬಾಗಿಲಲ್ಲೇ ನಿಂತುಬಿಟ್ಟ. ಅಯ್ಯನವರು ಇಲ್ಲಿ ದನಿ ಇಳಿಸಿ ಅಂದರು, "ಹೆಗಲ ಮ್ಯಾಲಿನ ಗುದ್ಲಿ ಸುದ್ದಾ ಇಳಿಸ್ಲಿಲ್ಲರೀ ಆಂವ. ಅಪ್ಪಾನೇ ಹೊರಗ ಬಂದು ಬೇಡ್ಕೊಬೇಕಾತು. ತಪ್ಪಿ ಹೋದಾವ ಒಳಗ ಕುಂತಾನ, ತಪ್ಪು ಮಾಡದಾವ ಹೊರಗ ನಿಂತಾನ. ನಮ್ಮೊಳಗ ಯಾರು ಒಳಗ, ಯಾರು ಹೊರಗ, ನೋಡ್ಕೊಳ್ರಿ."

ತಗಡು ಕಾದು ಟಕ್ ಟಕ್ ಅನ್ನುತ್ತಿತ್ತು. ಅಪ್ಪ ಎದ್ದ. ಪ್ರಸಂಗದ ನಡುವೆ ಕೂಸು ಅತ್ತರೆ ತಾಯಿ ಎದ್ದು ಹೋಗುವುದುಂಟು, ಗಂಡಸು ಎದ್ದದ್ದು ನಾನು ನೋಡಿರಲಿಲ್ಲ. ಕಿವಿ ಕೆಂಪಾಗಿದ್ದವು. ನಡುವಿನ ದಾರಿಯಲ್ಲಿ ಬಿರಬಿರನೆ ನಡೆದು, ಕಡೆಯ ಬೆಂಚಿನಲ್ಲಿದ್ದ ಕಾಕಾನ ಕಡೆ ಒಮ್ಮೆ ನೋಡಿ, ಹೊರಗೆ ಹೋದ. ಅವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

ಮನೆಗೆ ಬಂದರೆ ವಿಚಾರಣೆ ಸುರುವಾಗಿತ್ತು. ಅಪ್ಪನ ಪ್ರಕಾರ ಆ ಎರಡನೇ ಅರ್ಧ ಬೈಬಲ್ಲಿನಲ್ಲಿ ಇಲ್ಲವೇ ಇಲ್ಲ. ಹುಟ್ಟಿದಾಗಿನಿಂದ ಕೇಳಿದ ಕಥೆ, ಎಲ್ಲಿ ಮುಗಿಯುತ್ತದೆಂದು ತನಗೆ ಗೊತ್ತಿಲ್ಲವೇ? ಈ ಮನುಷ್ಯ ನಮ್ಮ ಮನೆಯ ಸಂಗತಿ ಕೇಳಿಕೊಂಡು ಹೋಗಿ, ಹಿರಿಯ ಮಗನೆಂದು ಹೊಸದಾಗಿ ಒಬ್ಬನನ್ನು ಹುಟ್ಟಿಸಿ, ತನ್ನನ್ನು ಸಭೆಯಲ್ಲಿ ನಿಲ್ಲಿಸಿ ಬೈದಿದ್ದಾನೆ. ಇಲ್ಲದಿದ್ದರೆ ಗುದ್ದಲಿ ಎಲ್ಲಿಂದ ಬಂತು? ಹಾಗಾದರೆ ಅವನಿಗೆ ಹೇಳಿದವರು ಯಾರು?

ಮೊದಲು ಅವ್ವ. ಅವಳು ಬೈಬಲ್ ಮುಟ್ಟಿ ಆಣೆ ಮಾಡಲು ಹೋದಳು, ಆಣೆ ಮಾಡಬಾರದೆಂದು ಅದರಲ್ಲೇ ಇದೆ ಎಂದು ಮುತ್ಯಾ ತಡೆದ. ಆಮೇಲೆ ಮುತ್ಯಾ.

"ಎರಡು ಅಂದಿ ಅಂತಲ್ಲ, ಯಾಕ ಅಂದಿ?" ಅಂದ ಅಪ್ಪ.

ಮುತ್ಯಾ ಹೊರಸಿನ ಮೇಲಿಂದ, "ಎರಡ ಅದಾವಲ್ಲೋ. ಮೂರು ಅಂತ ಹೇಳ್ಲ್ಯಾ?" ಅಂದ.

ಆಮೇಲೆ ನಾನು. ಗುರುವಾರ ಏನೇನು ಮಾತಾಯಿತು ಎಂದು ನನ್ನನ್ನು ಮತ್ತೆ ಮತ್ತೆ ಕೇಳಿದ. ಪುಂಡಿಪಲ್ಯ ಚೆನ್ನಾಗಿದೆ ಅಂದರು ಎಂದೆ. ಅದರಲ್ಲೂ ಅಪ್ಪನಿಗೆ ಏನೋ ಕಂಡಿತು, ಪಲ್ಯ ಯಾಕೆ ಹೊಗಳಿದರು ಎಂದು ಸ್ವಲ್ಪ ಹೊತ್ತು ಯೋಚಿಸಿದ. ನಾನೂ ಯೋಚಿಸಿದೆ. ನಾನು ಪೂರ್ತಿ ಅಪ್ಪನ ಪಕ್ಷ. ಮರುದಿನ ಅವ್ವ ಬಾವಿಗೆ ಹೋದಾಗ ಯಾರ ಜೊತೆ ಮಾತಾಡುತ್ತಾಳೆ ಎಂದು ಹಿಂದೆ ಹಿಂದೆ ಹೋದೆ. ಅವಳು ಯಾರ ಜೊತೆಯೂ ಮಾತಾಡಲಿಲ್ಲ. ಅದು ಇನ್ನೂ ದೊಡ್ಡ ಅನುಮಾನವಾಯಿತು.

ಅಪ್ಪ ಸುಮ್ಮನಿರುವವನಲ್ಲ. ಡ್ಯೂಟಿ ಮುಗಿಸಿ ನೇರ ಅಯ್ಯನವರ ಮನೆಗೆ ಹೋದ, ನನ್ನ ಕೈ ಹಿಡಿದುಕೊಂಡು, ಸಾಕ್ಷಿಗೆ. ಅಯ್ಯನವರು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಅಪ್ಪ ಕೂರಲಿಲ್ಲ. ಆ ಹಿರಿಯ ಮಗನ ಸಂಗತಿ ಪುಸ್ತಕದಲ್ಲಿದೆಯೇ ಎಂದು ಕೇಳಿದ. ಇದೆ, ಒಳಗೆ ಬನ್ನಿ, ಓದಿ ತೋರಿಸುತ್ತೇನೆ ಎಂದು ಅವರು ಎಣ್ಣೆಕೈ ಒರೆಸಿಕೊಂಡರು.

"ಬ್ಯಾಡ್ರಿ," ಅಂದ ಅಪ್ಪ. "ಹೇಳೋರೂ ನೀವ, ಓದೋರೂ ನೀವ. ನಾ ಹೆಂಗ ನಂಬ್ಲಿ?"

ಅಯ್ಯನವರಿಗೆ ಸಿಟ್ಟು ಬರಲಿಲ್ಲ. ಅದೂ ಸರಿ ಎಂಬಂತೆ ತಲೆ ಆಡಿಸಿ, ನಿಮ್ಮ ಮನೆಯಲ್ಲಿ ಬೈಬಲ್ ಇಲ್ಲವೇ ಎಂದರು. ಇದೆ ಎಂದ ಅಪ್ಪ. ಹಾಗಾದರೆ ನಿಮ್ಮ ಪೈಕಿ ಯಾರಿಗಾದರೂ ಅಕ್ಷರ ಬರುತ್ತದಲ್ಲ, ಓದಿಸಿ ನೋಡಿ ಎಂದು ಹೇಳಿ ಮತ್ತೆ ಚೈನಿಗೆ ಬಗ್ಗಿದರು. ನಮ್ಮಲ್ಲಿ ಅಕ್ಷರ ಬರುವುದು ಕಾಕಾ ಒಬ್ಬನಿಗೇ ಎಂದು ಅವರಿಗೆ ಗೊತ್ತಿತ್ತೋ, ಗೊತ್ತಿಲ್ಲದೆ ಅಂದರೋ? ಅವರು ಬಗ್ಗಿದ್ದರಿಂದ ಮುಖ ಕಾಣಲಿಲ್ಲ. ನಾನು ಅಜ್ಜಿಯಾದೆ, ಇನ್ನೂ ನನಗೆ ಅದು ಬಗೆಹರಿದಿಲ್ಲ.

ಮನೆಯಲ್ಲಿ ಎರಡು ದಿನ ಯಾರೂ ಆ ಹೆಸರು ಎತ್ತಲಿಲ್ಲ. ಕಡೆಗೆ ಮುತ್ಯಾನೇ ಗೋಡೆಯ ಕಡೆ ತಿರುಗಿ ಮಲಗಿದ್ದವನು ಅಂದ, "ಪ್ರಭು ಓದ್ತಾನ." ಅಪ್ಪ ಕೇಳಿಸದವನಂತೆ ಬೀಡಿ ಹಚ್ಚಿದ. ಆದರೆ ಅವನ ಅನುಮಾನ ಅವನ ಹಟಕ್ಕಿಂತ ದೊಡ್ಡದಿತ್ತು. ಅಯ್ಯನವರು ಸುಳ್ಳು ಹೇಳಿದ್ದಾರೆಂದು ಸಭೆಯ ಮುಂದೆ ತೋರಿಸಲೇಬೇಕು, ತೋರಿಸಬೇಕಾದರೆ ಓದಿಸಲೇಬೇಕು.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಅಪ್ಪ ಕಡೆಯ ಬೆಂಚಿನ ಹತ್ತಿರ ಹೋಗಿ, ಕಾಕಾನ ಮುಖ ನೋಡದೆ, ತಗಡಿನ ಕಂಬಕ್ಕೆ ಹೇಳುವವನಂತೆ ಹೇಳಿದ.

"ಸಂಜೀ ಮುಂದ ಬಾ. ಮನಿಗಲ್ಲ, ಓದಾಕ."

ಕಾಕಾ ಬಂದ. ಎಣ್ಣೆ ಹಚ್ಚಿ ತಲೆ ಬಾಚಿದ್ದ, ಅಂಗಿ ಹಳೆಯದಾದರೂ ಒಗೆದದ್ದು. ಅಪ್ಪ ಹೊಸ್ತಿಲ ಒಳಗೆ ಕೂತ. ಕಾಕಾ ಹೊಸ್ತಿಲ ಹೊರಗೆ, ಮೆಟ್ಟಿಲ ಮೇಲೆ ನಿಂತ. ನಡುವೆ ನಾನು ಬಾಗಿಲಿಗೆ ಆತು ಇಬ್ಬರನ್ನೂ ಕಾಯುತ್ತಿದ್ದೆ. ಅವ್ವ ಬೈಬಲ್ ಬಿಚ್ಚಿ ಕೊಟ್ಟಳು, ಒಣಗಿದ ಬೇವಿನೆಲೆ ಉದುರಿದವು. ಒಳಗಿನ ಹೊರಸಿನ ಮೇಲೆ ಮುತ್ಯಾ ಎದ್ದು ಕೂತಿದ್ದ. ಕಾಕಾ ಅಲ್ಲಿಂದಲೇ ಮುತ್ಯಾನಿಗೆ, "ಅಪ್ಪಾ, ಆರಾಮ ಅದಿಯಾ?" ಅಂದ. "ಮೊದಲು ಓದು," ಅಂದ ಅಪ್ಪ.

ಕಾಕಾ ಹುಡುಕಿ ಓದತೊಡಗಿದ. ನಾಟಕದ ಕಂಪನಿಯಲ್ಲಿದ್ದವನು, ದನಿ ಚೆನ್ನಾಗಿತ್ತು. ಕಿರಿಯ ಮಗ ಹೋದದ್ದು, ಹಾಳಾದದ್ದು. ಅದನ್ನು ಓದುವಾಗ ಅವನು ತಲೆ ಎತ್ತಲಿಲ್ಲ. ಅದೆಲ್ಲ ಗೊತ್ತಿದೆ, ಮುಂದೆ ಓದು ಎಂದು ಅಪ್ಪ ಅವಸರಿಸಿದ. ತಂದೆ ತಬ್ಬಿದ, ಹೊಸ ಬಟ್ಟೆ ತರಿಸಿದ, ಕೊಬ್ಬಿದ ಕರು ಕಡಿಸಿದ. ಕಾಕಾ ಉಸಿರು ತೆಗೆದುಕೊಂಡು, ಹಿರಿಯ ಮಗ ಹೊಲದಲ್ಲಿದ್ದನು ಎಂದು ಓದಿದ.

"ತಡಿ. ಏನಂದಿ? ಹಿರೇ ಮಗ ಅಂತ ಐತೇನು?"

"ಐತಿ ಅಣ್ಣಾ."

"ಬೆರಳಿಟ್ಟು ತೋರ್ಸು."

ಕಾಕಾ ಬೆರಳಿಟ್ಟ. ಅಪ್ಪ ಬಗ್ಗಿ ಆ ಜಾಗ ನೋಡಿದ. ಅವನಿಗೆ ಅಕ್ಷರ ಬಾರದು, ಆದ್ದರಿಂದ ಅಕ್ಷರ ಬಿಟ್ಟು ಕಾಕಾನ ಮುಖ ನೋಡಿದ. ಇಷ್ಟು ಹತ್ತಿರದಿಂದ ಎಷ್ಟು ವರ್ಷದ ಮೇಲೆ ನೋಡಿದನೋ. ಕಾಕಾ ಕಣ್ಣು ಕೀಳಲಿಲ್ಲ.

"ಗುದ್ಲಿ?"

"ಗುದ್ಲಿ ಇಲ್ಲಣ್ಣಾ. ಹೊಲದಾಗಿಂದ ಬಂದ ಅಂತ ಅಷ್ಟ ಐತಿ."

ಅಪ್ಪ ಗೆದ್ದವನಂತೆ ಒಳಗೆ ತಿರುಗಿದ. "ಕೇಳಿದ್ರ್ಯಾ? ಗುದ್ಲಿ ಇಲ್ಲಂತ. ನಾ ಹೇಳ್ಲಿಲ್ಲೇನು?" ನನಗೂ ಗೆದ್ದಷ್ಟು ಸಂತೋಷ. ಆದರೆ ಗುದ್ದಲಿ ಇಲ್ಲದಿದ್ದರೂ ಹಿರಿಯ ಮಗ ಇದ್ದನಲ್ಲ. ಅವನು ಬಾಗಿಲಲ್ಲಿ ನಿಂತು ಸಿಟ್ಟಾಗಿದ್ದ. ತಂದೆ ಹೊರಗೆ ಬಂದು ಕರೆಯುತ್ತಿದ್ದ. ಆ ಮಗ ತಂದೆಗೆ ಹೇಳಿದ್ದನ್ನು ಕಾಕಾ ಮೆಲ್ಲಗೆ ಓದಿದ. ಇಷ್ಟು ವರ್ಷ ನಿನಗೆ ದುಡಿದೆ, ನಿನ್ನ ಮಾತು ಮೀರಲಿಲ್ಲ, ನನ್ನ ಗೆಳೆಯರ ಜೊತೆ ಉಣ್ಣಲು ನೀನು ಒಂದು ಆಡಿನ ಮರಿ ಕೊಟ್ಟವನಲ್ಲ, ಹೀಗೆ. ಅಪ್ಪ ಈ ಸಲ ಬೆರಳಿಟ್ಟು ತೋರಿಸೆನ್ನಲಿಲ್ಲ. ಬೀಡಿ ಆರಿತ್ತು, ಆರಿದ್ದನ್ನೇ ಬಾಯಲ್ಲಿ ಇಟ್ಟುಕೊಂಡಿದ್ದ.

"ಮುಂದ?" ಅಂದ.

"ಅಕ್ಷರ ಕಾಣವಲ್ವು ಅಣ್ಣಾ. ಬೆಳಕು ಹೋತು."

ಅವ್ವ ಚಿಮಣಿ ದೀಪ ಹಚ್ಚಿ ಹೊಸ್ತಿಲಿಗೆ ತಂದಳು. ಡಿಸೆಂಬರದ ಗಾಳಿ, ಆರಿತು. ಮತ್ತೆ ಹಚ್ಚಿ ತಂದಳು, ಮತ್ತೆ ಆರಿತು. ಮೊದಲ ಸಲ ಗಾಳಿಯೇ. ಎರಡನೇ ಸಲ ಅದು ಗಾಳಿಗೆ ಆರಿತೋ ಅವ್ವನ ಉಸಿರಿಗೆ ಆರಿತೋ, ಹತ್ತಿರವೇ ನಿಂತಿದ್ದ ನನಗೆ ಅನುಮಾನ. ಅವಳ ತುಟಿ ದುಂಡಗಾದದ್ದನ್ನು ನೋಡಿದೆನೆಂದೇ ನನ್ನ ನೆನಪು.

ಆ ಹಿರಿಯ ಮಗ ಮುಂದೇನು ಮಾಡಿದನೆಂದು ತಿಳಿಯದೆ ಅಪ್ಪ ಏಳುವಂತಿರಲಿಲ್ಲ.

"ಒಳಗ ಬಾ," ಅಂದ. "ದೀಪದ ಬಲ್ಲಿ ಕುಂತು ಓದು. ಮುಗದ ಕೂಡ್ಲೇ ಹೋಗು."

ಕಾಕಾ ಚಪ್ಪಲಿ ಬಿಟ್ಟು ಒಳಗೆ ಬಂದು ಹೊರಸಿನ ಬುಡದಲ್ಲಿ ಕೂತ. ಮುತ್ಯಾನ ಕೈ ಗಾಳಿಯಲ್ಲಿ ತಡಕಾಡಿ ಅವನ ತಲೆ ಸಿಕ್ಕ ಮೇಲೆ ಅಲ್ಲೇ ನಿಂತಿತು. ಕಾಕಾ ಓದಿದ. ನೀನು ಯಾವಾಗಲೂ ನನ್ನ ಜೊತೆ ಇದ್ದೀಯಲ್ಲ, ನನ್ನದೆಲ್ಲ ನಿನ್ನದೇ, ಕಳೆದುಹೋದ ನಿನ್ನ ತಮ್ಮ ಸಿಕ್ಕಿದ್ದಾನೆ ಎಂದು ತಂದೆ ಹೇಳಿದ. ಅಲ್ಲಿಗೆ ನಿಲ್ಲಿಸಿದ.

"ಮುಂದ?"

"ಅಷ್ಟ ಅಣ್ಣಾ."

"ಅಷ್ಟಂದ್ರ? ಆಂವ ಒಳಗ ಹೋದ್ನೋ ಇಲ್ಲೋ?"

"ಬರದಿಲ್ಲ."

ಅಪ್ಪ ಪುಸ್ತಕ ಕಸಿದುಕೊಂಡ. ಹಾಳೆ ಹರಿದಿರಬೇಕೆಂದು ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಆಡಿಸಿದ. ಹಳಿಯಲ್ಲಿ ಕೂದಲೆಳೆಯ ಬಿರುಕು ಹಿಡಿಯುವ ಹೆಬ್ಬೆರಳು ಅದು. ಏನೂ ಸಿಗಲಿಲ್ಲ. ಹಾಗಾದರೆ ಕಾಕಾನೇ ಕಡೆಯ ಮಾತು ನುಂಗಿದ್ದಾನೆ, ಅವನಿಗೆ ಇದರಲ್ಲಿ ಲಾಭವಿದೆ. ಅಪ್ಪ ದಡದಡ ಎದ್ದು ಪಕ್ಕದ ಕ್ವಾರ್ಟರ್ಸಿಗೆ ಹೋದ. ಅಲ್ಲಿ ಫೈರ್‌ಮನ್ನನ ಹೆಂಡತಿ ರಾಹೇಲಮ್ಮ ಇದ್ದಳು, ತೆಲುಗಿನವಳು, ತೆಲುಗು ಬೈಬಲ್ ಓದುವವಳು. ನಮ್ಮ ಮನೆಯ ಸಂಗತಿ ಏನೂ ಹೇಳದೆ ಅವಳಿಂದ ಅದೇ ಕಥೆ ಓದಿಸಬೇಕೆಂದು ಅವನ ಲೆಕ್ಕ.

ಅವನು ಹೋದ ಮೇಲೆ ಮನೆ ಬೇರೆಯೇ ಆಯಿತು. ಅವ್ವ ಕೇಳದೆ ತಟ್ಟೆ ಹಾಕಿದಳು. ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಕಾಕಾ "ವೈನಿ, ಅಣ್ಣ ಬರ್ತಾನ" ಅಂದ. "ಬರ್ಲಿ, ಉಣ್ಣು" ಅಂದಳು. ಮುತ್ಯಾ ಕಾಕಾನ ಗಲ್ಲ ಸವರಿ, ಸಣ್ಣ ಆಗಿದ್ದೀಯ ಎಂದು ಬೈದ. ಕಾಕಾ ನಾಟಕದ ಕಂಪನಿಯಲ್ಲಿ ರಾಜನ ಪಾತ್ರದವನ ಮೀಸೆ ಕಳಚಿ ಹಾರ್ಮೋನಿಯಂ ಮೇಲೆ ಬಿದ್ದ ಕಥೆ ಹೇಳಿದ. ಆಯಿ ಸತ್ತ ಮೇಲೆ ಮುತ್ಯಾ ನಕ್ಕದ್ದು ನಾನು ಆವತ್ತೇ ಕೇಳಿದ್ದು. ಕೆಮ್ಮು ಬರುವಷ್ಟು ನಕ್ಕ.

ನಾನು ಬಾಗಿಲ ಕಡೆ ನೋಡಿದೆ. ಹೊರಗೆ ಅಪ್ಪ ನಿಂತಿದ್ದ.

ಯಾವಾಗ ಬಂದಿದ್ದನೋ. ದೀಪದ ಬೆಳಕು ಅವನ ಕಾಲಿನವರೆಗೆ ಮಾತ್ರ ಬೀಳುತ್ತಿತ್ತು, ಮುಖ ಕತ್ತಲೆಯಲ್ಲಿ. ಒಳಗಿನ ನಗು ಕೇಳುತ್ತ ನಿಂತಿದ್ದ. ಈಗ ಕೂಗುತ್ತಾನೆ, ಈಗ ತಟ್ಟೆ ಎತ್ತಿ ಒಗೆಯುತ್ತಾನೆ ಎಂದು ನಾನು ಗೋಡೆಗೆ ಸರಿದೆ. ಅವ್ವನೂ ನೋಡಿದಳು, ರೊಟ್ಟಿ ಬಡಿಯುವ ಕೈ ನಿಂತಿತು. ಕಾಕಾ ತುತ್ತು ತಟ್ಟೆಗೆ ಇಳಿಸಿ ಎದ್ದು ನಿಂತ. ಮುತ್ಯಾನಿಗೆ ಕಾಣದು, ಆದರೆ ಮನೆ ಸುಮ್ಮನಾದದ್ದು ತಿಳಿಯಿತು.

"ಸಮಸೋನ," ಅಂದ. "ಅಲ್ಲಿ ನಿಂತೀಯೇನು? ಬಾ. ಆ ಅಪ್ಪನಂಗ ಹೊರಗ ಬಂದು ಕರೀಬೇಕಂದ್ರ ನನಗ ಕಾಲಿಲ್ಲೋ. ನೀನ ಬರಬೇಕು."

ಹೊರಗೆ ಒಂದು ಗೂಡ್ಸ್ ಗಾಡಿ ಹೋಯಿತು. ಪೂರ್ತಿ ಹೋಗುವವರೆಗೂ ಅಪ್ಪ ಅಲ್ಲೇ ನಿಂತ. ಆಮೇಲೆ ಒಳಗೆ ಬಂದ. ಯಾರ ಮುಖವನ್ನೂ ನೋಡದೆ ಕಾಕಾನ ಪಕ್ಕದ ಜಾಗದಲ್ಲಿ ಕೂತು, "ತೆಲುಗಿನ್ಯಾಗೂ ಇಲ್ಲ" ಅಂದ. ಅವ್ವನ ಕಡೆ ಕೈ ಚಾಚಿ, "ನನಗೂ ನೀಡು" ಅಂದ. ಕಾಕಾ ನಿಂತೇ ಇದ್ದ. "ಕುಂದ್ರು, ರೊಟ್ಟಿ ಆರ್ತೈತಿ," ಅಂದ ಅಪ್ಪ. ಮುಗಿದ ಕೂಡಲೇ ಹೋಗು ಎಂದದ್ದನ್ನು ಯಾರೂ ನೆನಪಿಸಲಿಲ್ಲ.

ಕ್ಷಮಿಸಿದೆ ಎಂದು ಅಪ್ಪ ಅಂದದ್ದನ್ನು ನಾನಂತೂ ಕೇಳಿಲ್ಲ. ಆದರೆ ಅಂದಿನಿಂದ ಕಾಕಾ ಸಂಜೆಸಂಜೆ ನಾಂಪಲ್ಲಿಯಿಂದ ಬಂದು ಮುತ್ಯಾನಿಗೆ ಸುವಾರ್ತೆ ಓದುತ್ತಿದ್ದ. ಅಪ್ಪ ಗೋಡೆಗೆ ಒರಗಿ ಕೇಳುತ್ತ ನಡುನಡುವೆ ತಡೆಯುವನು, ಅದು ಅದರಲ್ಲಿದೆಯೋ ನೀನು ಸೇರಿಸಿದೆಯೋ ಅಂತ. ಕಾಕಾ ಬೆರಳಿಟ್ಟು ತೋರಿಸುವನು. ಅಪ್ಪನಿಗೆ ತೋರಿಸಿ ತೋರಿಸಿ ಅಕ್ಷರ ಹತ್ತಿದ್ದು ನನಗೆ. ಈ ಕನ್ನಡ ಅಲ್ಲಿಂದ ಬಂದದ್ದು. ಮುಂದಿನ ಬೇಸಿಗೆಯಲ್ಲಿ ಮುತ್ಯಾ ತೀರಿಕೊಂಡಾಗ ಪೆಟ್ಟಿಗೆಯ ಮುಂದಿನ ಎರಡು ತುದಿಗೆ ಅಣ್ಣ ತಮ್ಮ ಇಬ್ಬರೂ ಹೆಗಲು ಕೊಟ್ಟಿದ್ದರು.

ಅಯ್ಯನವರನ್ನು ಮಾತ್ರ ಅಪ್ಪ ಬಿಡಲಿಲ್ಲ. ಮುಂದಿನ ಭಾನುವಾರವೇ ಹೋಗಿ, "ಗುದ್ಲಿ ನಿಮ್ದು ಹೌದಲ್ರಿ?" ಎಂದು ಕೇಳಿದ. ಅವರು ಸ್ವಲ್ಪ ನಾಚಿ, ಹೌದು, ಸಭೆಯಲ್ಲಿ ಎಲ್ಲರ ಹೆಗಲೂ ಗುದ್ದಲಿ ಹೊತ್ತು ತಗ್ಗಿದ್ದು ಕಂಡು ಬಾಯಿಗೆ ಬಂತು ಅಂದರು. "ಹಂಗಾದ್ರ ಸರಿ," ಎಂದು ಅಪ್ಪ ಮತ್ತೆ ಮುಂದಿನ ಬೆಂಚಿನಲ್ಲಿ ಕೂತ. ಅವರು ಇರುವಷ್ಟು ವರ್ಷವೂ ಅವರ ಪ್ರಸಂಗದಲ್ಲಿ ಬಂದ ಕೊಡಲಿ, ಕೊಡ, ಎತ್ತು ಎಲ್ಲವನ್ನೂ ಮನೆಗೆ ಬಂದು ಪುಸ್ತಕದಲ್ಲಿ ಹುಡುಕಿಸಿದ.

ಈಗ ನಮ್ಮ ಚರ್ಚಿಗೆ ಕಾಂಕ್ರೀಟಿನ ಛಾವಣಿ ಬಂದಿದೆ, ಫ್ಯಾನು ಬಂದಿದೆ. ಕಂಪ್ಯೂಟರ್ ಕೆಲಸಕ್ಕೆ ಬೆಂಗಳೂರು, ಮೈಸೂರಿನಿಂದ ಬಂದ ಹುಡುಗ ಹುಡುಗಿಯರು ಬರುತ್ತಾರೆ. ಅವರ ಕಚೇರಿ ಕಟ್ಟುವ ನಮ್ಮ ಕಲಬುರಗಿ ಕಡೆಯ ಜನರೂ ಕಾಲಿನ ಸಿಮೆಂಟು ತೊಳೆದುಕೊಂಡು ಬಂದು ಕೂರುತ್ತಾರೆ. ಎಲ್ಲರನ್ನೂ ನೋಡಿದರೆ ನನಗೆ ಹಿಗ್ಗು. ಪ್ರಸಂಗಕ್ಕೆ ತಕ್ಕ ವಾಕ್ಯ ಯಂತ್ರದಿಂದ ಗೋಡೆಯ ಮೇಲೆ ಮೂಡುತ್ತದೆ, ಇಷ್ಟಿಷ್ಟು ದೊಡ್ಡ ಅಕ್ಷರ, ಯಾರೂ ಬೆರಳಿಟ್ಟು ತೋರಿಸು ಎನ್ನಬೇಕಾಗಿಲ್ಲ. ಪಾಸ್ಟರ್ ತಿಳಿದವರು, ಕಥೆಯನ್ನು ಪೂರ್ತಿ ಹೇಳುತ್ತಾರೆ, ಹೊತ್ತಿಗೆ ಸರಿಯಾಗಿ ಮುಗಿಸುತ್ತಾರೆ. ಬಾಗಿಲಲ್ಲಿ ಎಲ್ಲರೂ ಅವರ ಕೈ ಕುಲುಕಿ, ಮೆಸೇಜ್ ತುಂಬ ಚೆನ್ನಾಗಿತ್ತು ಎನ್ನುತ್ತಾರೆ.

ಚೆನ್ನಾಗಿತ್ತು, ನಿಜ. ಆದರೆ ಅದು ನನಗೇ ಹೇಳಿದ್ದು, ಯಾರೋ ನನ್ನ ಮನೆಯ ಸಂಗತಿ ಇವರಿಗೆ ಮುಟ್ಟಿಸಿದ್ದಾರೆ ಎಂದು ಮನೆಗೆ ಹೋಗಿ ಜಗಳ ತೆಗೆದವರನ್ನು ನಾನು ಎಷ್ಟೋ ವರ್ಷದಿಂದ ಕಂಡಿಲ್ಲ. ಪ್ರಸಂಗ ನಡೆಯುವಾಗ ನಾನು ಗೋಡೆ ನೋಡುವುದು ಬಿಟ್ಟು ಬೆಂಚುಗಳನ್ನು ನೋಡುತ್ತೇನೆ. ಯಾರದಾದರೂ ಕಿವಿ ಕೆಂಪಾದೀತೇ, ಯಾರಾದರೂ ನಡುವೆಯೇ ಎದ್ದು ಹೋದಾರೇ ಎಂದು ಕಾಯುತ್ತೇನೆ. ಎಲ್ಲರೂ ತಣ್ಣಗೆ ಕೂತಿರುತ್ತಾರೆ, ಕಡೆಯ ಹಾಡಿನವರೆಗೂ.